ನಗುವೆಂಬ ಹೆಸರು ಹೊತ್ತ ಇಸಾಕ

ಅಬ್ರಹಾಮ, ಇಸಾಕ, ಯಕೋಬ ಎಂಬ ಮೂರು ಹೆಸರುಗಳನ್ನು ನಾವು ಬಾಲ್ಯದಿಂದಲೂ ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದ್ದೇವೆ. ಮೊದಲನೆಯವನ ಬಗ್ಗೆ ಕೇಳಿದರೆ ಯಾರಾದರೂ ಅರ್ಧ ಗಂಟೆ ಮಾತನಾಡಬಲ್ಲರು. ಮೂರನೆಯವನ ಕಥೆಯಲ್ಲಂತೂ ಮೋಸವಿದೆ, ಪ್ರೇಮವಿದೆ, ಕನಸಿದೆ, ಕುಸ್ತಿಯಿದೆ. ನಡುವಿನವನ ಮಾತು ಬಂದಾಗ ಮಾತ್ರ ನಾಲಗೆ ತಡವರಿಸುತ್ತದೆ. ಬಲಿಪೀಠದ ಮೇಲೆ ಕಟ್ಟಿಹಾಕಿದ ಹುಡುಗ, ಕಣ್ಣು ಕಾಣದೆ ಮಗನಿಂದಲೇ ಮೋಸಹೋದ ಮುದುಕ. ಈ ಎರಡು ಚಿತ್ರಗಳ ನಡುವಿನ ನೂರಕ್ಕೂ ಹೆಚ್ಚು ವರ್ಷಗಳ ಬಾಳು ನಮ್ಮ ನೆನಪಿನಲ್ಲಿ ಬರಿದಾಗಿದೆ. ಇಸಾಕನು ಮಹಾ ತಂದೆಗೂ ಮಹಾ ಮಗನಿಗೂ ನಡುವೆ ಸಿಲುಕಿದ ಸಪ್ಪೆ ಮನುಷ್ಯನೆಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆ ಸಡಿಲವಾದುದು ಅವನ ಹೆಸರಿನ ಅರ್ಥವನ್ನು ಹಿಡಿದು ಆದಿಕಾಂಡವನ್ನು ಮತ್ತೆ ನಿಧಾನವಾಗಿ ಓದಿದಾಗ.

ಹೀಬ್ರೂ ಭಾಷೆಯಲ್ಲಿ ಈತನ ಹೆಸರು 'ಯಿತ್ಸ್‌ಹಾಕ್'. ನಗು ಎಂಬ ಅರ್ಥದ 'ತ್ಸಾಹಕ್' ಎಂಬ ಧಾತುವಿನಿಂದ ಹುಟ್ಟಿದ ಮಾತಿದು. ಗಮನಿಸಬೇಕಾದುದೇನೆಂದರೆ, ಇದು ನಾಮಪದವಲ್ಲ, ನೇರವಾಗಿ ಕ್ರಿಯಾಪದ. ಹಳೆಯ ಕನ್ನಡದ ಜಾಡಿನಲ್ಲಿ ಹೇಳುವುದಾದರೆ 'ನಗುವನು'. ಈ ರೂಪ ನಮ್ಮಲ್ಲಿ ಹೇಗೆ ಇಂದಿನ ರೂಢಿಗೂ ನಾಳಿನ ಭರವಸೆಗೂ ಒಟ್ಟಿಗೆ ಸಲ್ಲುತ್ತದೆಯೋ, ಹೀಬ್ರೂವಿನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. 'ನಗಲಿ' ಎಂಬ ಹಾರೈಕೆಯೂ ಅದರಲ್ಲಿ ಅಡಗಿರಬಹುದು. ಆದರೆ ನಗುವವನು ಯಾರು? ಕ್ರಿಯಾಪದವಿದೆ, ಕರ್ತೃ ಇಲ್ಲ. ಮಗುವೇ? ತಂದೆಯೇ? ಕೇಳಿದ ಜನರೇ? ಇಲ್ಲವೇ ದೇವರೇ?

ಭಾಷಾಪಂಡಿತರು ಈ ಕೊನೆಯ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಕ್ರಿ.ಪೂ. ಎರಡನೆಯ ಸಹಸ್ರಮಾನದ ಮಾರಿ ನಗರದ ಮಣ್ಣಿನ ಫಲಕಗಳಲ್ಲಿ ಇಂಥದೇ ಕ್ರಿಯಾಪದದಿಂದ ಆರಂಭವಾಗಿ, 'ಏಲ್' ಮೊದಲಾದ ದೇವನಾಮಗಳಿಂದ ಮುಗಿಯುವ ವ್ಯಕ್ತಿನಾಮಗಳು ಹೇರಳವಾಗಿ ಸಿಕ್ಕಿವೆ. ಬಳಕೆಯಲ್ಲಿ ದೇವರ ಹೆಸರು ಉದುರಿ ಕ್ರಿಯಾಪದ ಮಾತ್ರ ಉಳಿಯುವುದೂ ಉಂಟು. ಹಾಗಾದರೆ ಇಸಾಕನ ಹೆಸರಿನ ಪೂರ್ಣರೂಪ 'ದೇವರು ಮುಗುಳ್ನಗಲಿ', ಅಂದರೆ ಈ ಮಗುವಿನ ಮೇಲೆ ದೇವರ ಪ್ರಸನ್ನದೃಷ್ಟಿ ಇರಲಿ ಎಂದಿದ್ದಿರಬಹುದು. ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ದೊರೆತ ಉಗಾರಿಟ್ ಕಾವ್ಯಗಳಲ್ಲಿ, ಮುದಿದೇವನಾದ ಏಲ್ ಸಂತೋಷಗೊಂಡು ನಗುವಾಗ ಬಳಕೆಯಾಗಿರುವುದು ಇದೇ ಧಾತು. ಆದರೂ 'ಯಿತ್ಸ್‌ಹಾಕ್' ಎಂಬ ಹೆಸರಿನ ಬೇರೊಬ್ಬ ವ್ಯಕ್ತಿ ಹಳೆಯ ಒಡಂಬಡಿಕೆಯಲ್ಲಿ ಇಲ್ಲ. ನಾಲ್ಕೇ ನಾಲ್ಕು ಕಡೆ, ಆಮೋಸನಲ್ಲಿ ಎರಡು ಬಾರಿ, ಯೆರೆಮೀಯನಲ್ಲಿ ಒಮ್ಮೆ, 105ನೇ ಕೀರ್ತನೆಯಲ್ಲಿ ಒಮ್ಮೆ, 'ಯಿಸ್‌ಹಾಕ್' ಎಂಬ ಕಾಗುಣಿತವಿದೆ. ಅರ್ಥ ಅಲ್ಲಿಯೂ ನಗುವೇ.

ಬೈಬಲಿನ ಕಥೆಗಾರನಿಗೆ ಈ ವ್ಯುತ್ಪತ್ತಿಯ ಗೊಡವೆಯಿಲ್ಲ. ಅವನು ಆ ಧಾತುವನ್ನು ಮಣಿಯಂತೆ ಕಥೆಯುದ್ದಕ್ಕೂ ಪೋಣಿಸುತ್ತಾನೆ. ಗ್ರೀಕರ ಬಾಯಲ್ಲಿ 'ಇಸಾಕ್' ಆಗಿ, ನಮ್ಮ ಬಾಯಲ್ಲಿ 'ಇಸಾಕ' ಆದಾಗ ಆ ಮಣಿಗಳ ಕಿಣಿಕಿಣಿ ನಿಂತುಹೋಯಿತು. ಅದನ್ನು ಮತ್ತೆ ಕೇಳಿಸಿಕೊಳ್ಳಲು ನಾವು ಸ್ವಲ್ಪ ಕಿವಿಗೊಡಬೇಕು.

ಮೊದಲು ನಕ್ಕವನು ಅಬ್ರಹಾಮ. ಆದಿಕಾಂಡ 17ನೇ ಅಧ್ಯಾಯದಲ್ಲಿ ಅವನಿಗೆ 99 ವರ್ಷ. ಸಾರಾಳಲ್ಲಿ ಮಗ ಹುಟ್ಟುವನೆಂದು ದೇವರು ಹೇಳಿದಾಗ ಅವನು ಅಡ್ಡಬೀಳುತ್ತಾನೆ. ಅಡ್ಡಬಿದ್ದ ಮುಖ ನೆಲದ ಕಡೆಗಿರುವಾಗಲೇ ನಗುತ್ತಾನೆ. ದೇಹದಲ್ಲಿ ಆರಾಧನೆ, ಮನಸ್ಸಿನಲ್ಲಿ ಅನುಮಾನ! ಮಗುವಿಗೆ ಆ ಹೆಸರಿಡಬೇಕೆಂದು ದೇವರು ಆಜ್ಞಾಪಿಸುವುದು ಆ ನಗೆಯ ಬೆನ್ನಿಗೇ. ಅಬ್ರಾಮನು ಅಬ್ರಹಾಮನಾದ, ಸಾರಯಳು ಸಾರಾ ಆದಳು, ಯಕೋಬನು ಮುಂದೆ ಇಸ್ರಯೇಲನಾದ. ಈ ಮನೆತನದಲ್ಲಿ ಹೆಸರು ಬದಲಾಗದೆ ಉಳಿದವನು ಇಸಾಕನೊಬ್ಬನೇ. ಹುಟ್ಟುವ ಮುನ್ನವೇ ದೇವರಿಟ್ಟ ಹೆಸರನ್ನು ಬದಲಿಸುವ ಅಗತ್ಯವಾದರೂ ಏನಿತ್ತು?

ಎರಡನೆಯ ನಗು ಸಾರಾಳದು. ಸ್ಥಳ ಹೆಬ್ರೋನಿನ ಬಳಿಯ ಮಮ್ರೆಯ ವೃಕ್ಷಗಳ ತೋಪು. ಬಿಸಿಲು ಏರಿದ ಹೊತ್ತಿನಲ್ಲಿ ಬಂದ ಮೂವರು ಅತಿಥಿಗಳಿಗೆ ಊಟ ಬಡಿಸಿದ ಮೇಲೆ, ಅವರಾಡಿದ ಮಾತನ್ನು ಆಕೆ ಗುಡಾರದ ಬಾಗಿಲ ಮರೆಯಲ್ಲಿ ನಿಂತು ಕೇಳಿ, ತನ್ನಷ್ಟಕ್ಕೆ ತಾನೇ ನಕ್ಕಳು. ಏಕೆ ನಕ್ಕಳೆಂದು ಪ್ರಶ್ನೆ ಬಂದಾಗ ಹೆದರಿ, ನಗಲೇ ಇಲ್ಲವೆಂದಳು. ಇಲ್ಲ, ನಕ್ಕದ್ದು ನಿಜ ಎಂಬ ಉತ್ತರ ಬಂತು. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅಬ್ರಹಾಮನು ನಕ್ಕದ್ದೂ ಸಾರಾ ನಕ್ಕದ್ದೂ ಮೂಲದಲ್ಲಿ ಒಂದೇ ಕ್ರಿಯಾಪದದಿಂದ. ಆದರೆ ಓಂಕೆಲೋಸ್ ಎಂಬ ಹೆಸರಿನ ಪ್ರಾಚೀನ ಅರಮಾಯಿಕ್ ಅನುವಾದದಲ್ಲಿ ಗಂಡ 'ಹರ್ಷಿಸಿದನು', ಹೆಂಡತಿ ಮಾತ್ರ 'ನಕ್ಕಳು'. ಅಬ್ರಹಾಮನದು ವಿಶ್ವಾಸದ ನಗು, ಸಾರಾಳದು ಅವಿಶ್ವಾಸದ ನಗು ಎಂದು ಪ್ರಸಂಗಗಳಲ್ಲಿ ಇಂದಿಗೂ ಕೇಳುತ್ತೇವೆ. ಮೂಲಗ್ರಂಥವನ್ನು ನೋಡಿದರೆ ಆ ತಾರತಮ್ಯಕ್ಕೆ ಆಧಾರವಿಲ್ಲ. ಇಬ್ಬರೂ ವಯಸ್ಸಾದವರು, ಇಬ್ಬರೂ ಆಸೆಯನ್ನು ಮಡಚಿಟ್ಟವರು, ಇಬ್ಬರಿಗೂ ನಗು ಬಂತು. ದೇವರಿಗೆ ಅಸಾಧ್ಯವಾದುದುಂಟೇ ಎಂದು ಅಂದು ಸಾರಾಳ ಗುಡಾರದ ಬಳಿ ಕೇಳಿಬಂದ ಪ್ರಶ್ನೆಗೆ ಸಂತ ಲೂಕನು ತನ್ನ ಮೊದಲ ಅಧ್ಯಾಯದಲ್ಲಿ, ದೇವದೂತನು ಮರಿಯಳಿಗೆ ಹೇಳಿದ ಮಾತಿನಲ್ಲಿ, ಉತ್ತರದಂತೆ ಮರುದನಿ ಕೊಟ್ಟಿದ್ದಾನೆ.

ಮಗು ಹುಟ್ಟಿದಾಗ ಸಾರಾ ಹೇಳಿದ ಮಾತು ಇನ್ನೂ ಸ್ವಾರಸ್ಯದ್ದು. ದೇವರು ತನಗೆ ನಗುವನ್ನು ಉಂಟುಮಾಡಿದನೆಂದೂ, ಕೇಳಿದವರೆಲ್ಲ ನಗುವರೆಂದೂ ಅವಳು ಹೇಳುತ್ತಾಳೆ. ಆ ನಗುವುದು ಅವಳ ಜೊತೆಗೋ, ಅವಳನ್ನು ಕಂಡೋ? ಹೀಬ್ರೂ ವಾಕ್ಯ ಎರಡಕ್ಕೂ ಎಡೆಮಾಡಿಕೊಡುತ್ತದೆ. ತೊಂಬತ್ತರ ಬಾಣಂತಿಯನ್ನು ಕಂಡು ಊರವರು ಬಾಯಿಗೆ ಸೆರಗು ಅಡ್ಡಹಿಡಿದು ನಕ್ಕಿರಲಾರರೇ? ಆ ಅಳುಕು ಅವಳ ಸಂತೋಷದೊಳಗೇ ಇದೆ. ಮಗುವಿಗೆ ಮೊಲೆ ಬಿಡಿಸಿದ ದಿನದ ಔತಣದಲ್ಲಿ ಹಾಗರಳ ಮಗ ಇಷ್ಮಾಯೇಲನು 'ನಗುತ್ತಿದ್ದ'ನೆಂದು ಇದೇ ಧಾತುವಿನ ಇನ್ನೊಂದು ರೂಪ 'ಮೆತ್ಸಹೇಕ್' ಹೇಳುತ್ತದೆ. ಆಡುತ್ತಿದ್ದನೋ, ಅಣಕಿಸುತ್ತಿದ್ದನೋ ಎಂಬುದು ಇಂದಿಗೂ ಚರ್ಚೆಯ ವಿಷಯ. ತಾಯಿಯಾದ ಸಾರಾ ಅಣಕವೆಂದೇ ತಿಳಿದಳು. ಹಾಗರಳೂ ಅವಳ ಮಗನೂ ರೊಟ್ಟಿ ಮತ್ತು ನೀರಿನ ಚೀಲದೊಂದಿಗೆ ಬೇರ್ಷೆಬದ ಮರುಭೂಮಿಯ ಪಾಲಾದರು. ಒಬ್ಬ ತಾಯಿಯ ನಗು ಮತ್ತೊಬ್ಬ ತಾಯಿಯ ಕಣ್ಣೀರಾದ ಈ ಪ್ರಸಂಗವನ್ನು ಆದಿಕಾಂಡ ಮುಚ್ಚಿಡುವುದಿಲ್ಲ. ಇಸಾಕನಿಗಾದರೋ ಆಗ ಮಾತೂ ಸರಿಯಾಗಿ ಬಾರದ ವಯಸ್ಸು.

ಇಲ್ಲಿಯವರೆಗೆ ಎಲ್ಲರೂ ನಕ್ಕರು. ಆ ನಗುವನ್ನೇ ಹೆಸರಾಗಿ ಹೊತ್ತವನು ಮಾತ್ರ ನಗಲಿಲ್ಲ. ಮುಂದೆ ಬರುವುದು ಮೊರೀಯ ಬೆಟ್ಟ.

ಆ ಕಥೆ ನಿಮಗೆ ಗೊತ್ತಿರುವುದರಿಂದ ವಿಸ್ತರಿಸುವುದಿಲ್ಲ. ನಮ್ಮ ಧರ್ಮೋಪದೇಶದ ಪುಸ್ತಕಗಳ ಚಿತ್ರಗಳಲ್ಲಿ ಇಸಾಕನು ಏಳೆಂಟು ವರ್ಷದ ಬಾಲಕ. ಆದರೆ ದಹನಬಲಿಗೆ ಸಾಕಾಗುವಷ್ಟು ಸೌದೆಯ ಹೊರೆಯನ್ನು ಬೆಟ್ಟಕ್ಕೆ ಹೊತ್ತವನು ಅವನೇ. ಯೆಹೂದಿ ಇತಿಹಾಸಕಾರ ಜೋಸೆಫಸ್ ಅವನಿಗೆ 25 ವರ್ಷವೆಂದನು. ಸಾರಾ 127ರಲ್ಲಿ ತೀರಿಕೊಂಡದ್ದನ್ನು ಲೆಕ್ಕಹಾಕಿದ ರಬ್ಬಿಗಳು 37 ಎಂದರು. ಅಂಥ ಗಟ್ಟಿಮುಟ್ಟಾದ ಮಗನನ್ನು ನೂರು ದಾಟಿದ ತಂದೆ ಬಲವಂತವಾಗಿ ಕಟ್ಟಿಹಾಕಲು ಸಾಧ್ಯವೇ? ಆದಕಾರಣ ಮಗನ ಒಪ್ಪಿಗೆಯೂ ಈ ಬಲಿಯಲ್ಲಿ ಸೇರಿತ್ತೆಂಬ ವ್ಯಾಖ್ಯಾನ ಬಹು ಹಳೆಯದು. ಎರಡನೆಯ ಶತಮಾನದ ಸಾರ್ದಿಸಿನ ಮೆಲಿಟೋ ಸೌದೆ ಹೊತ್ತ ಇಸಾಕನಲ್ಲಿ ಶಿಲುಬೆ ಹೊತ್ತ ಕ್ರಿಸ್ತನ ಮುನ್ಸೂಚನೆಯನ್ನು ಕಂಡನು. ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ 1932ರಲ್ಲಿ ಪತ್ತೆಯಾದ ಮೂರನೆಯ ಶತಮಾನದ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಧರ್ಮಶಾಸ್ತ್ರದ ಸುರುಳಿಯನ್ನಿಡುವ ಗೂಡಿನ ಮೇಲ್ಭಾಗದಲ್ಲೇ ಈ ದೃಶ್ಯವನ್ನು ಚಿತ್ರಿಸಿದ್ದಾರೆ. ಇಟಲಿಯ ರವೆನ್ನಾದ ಸಂತ ವಿಟಾಲೆ ದೇವಾಲಯದ ಆರನೆಯ ಶತಮಾನದ ಬಣ್ಣಗಲ್ಲಿನ ಚಿತ್ರದಲ್ಲಿ, ಒಂದು ಬದಿಗೆ ಬಾಗಿಲಲ್ಲಿ ನಿಂತ ಸಾರಾ, ನಡುವೆ ಮೂವರು ಅತಿಥಿಗಳು, ಇನ್ನೊಂದು ಬದಿಗೆ ಬಲಿಪೀಠದ ಮೇಲೆ ಇಸಾಕ. ನಗುವಿನಿಂದ ಕತ್ತಿಯವರೆಗಿನ ದಾರಿ ಒಂದೇ ಗೋಡೆಯಲ್ಲಿ!

ಬೆಟ್ಟ ಹತ್ತುವಾಗ ಇಸಾಕನು ಬಾಯಿ ತೆರೆದದ್ದು ಒಮ್ಮೆ ಮಾತ್ರ: ಬೆಂಕಿಯಿದೆ, ಸೌದೆಯಿದೆ, ಕುರಿಮರಿ ಎಲ್ಲಿ ಎಂದು ತಂದೆಯನ್ನು ಕೇಳಿದನು. ಆಮೇಲೆ ಅವನ ದನಿಯಿಲ್ಲ. ಇನ್ನೂ ವಿಚಿತ್ರವೆಂದರೆ, ಎಲ್ಲ ಮುಗಿದ ಬಳಿಕ ಅಬ್ರಹಾಮನು ಸೇವಕರ ಬಳಿಗೆ ಹಿಂದಿರುಗಿದನೆಂದಿದೆ. ಇಸಾಕನು ಹಿಂದಿರುಗಿದನೆಂದು ಬರೆದಿಲ್ಲ. ಜೊತೆಯಲ್ಲೇ ಇಳಿದಿರಬೇಕು, ನಿಜ. ಆದರೂ ಕಥೆಗಾರನು ಅವನ ಹೆಸರನ್ನು ಅಲ್ಲಿ ಬಿಟ್ಟಿರುವುದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. ಮುಂದೆ ಅವನನ್ನು ನಾವು ಕಾಣುವುದು ದಕ್ಷಿಣದ ನೆಗೆವ್ ಸೀಮೆಯಲ್ಲಿ, ಲಹೈರೋಯಿ ಬಾವಿಯ ಕಡೆಯಿಂದ ಬಂದು ಸಂಜೆ ಹೊಲದಲ್ಲಿ ಒಬ್ಬನೇ ಅಡ್ಡಾಡುವವನಾಗಿ. ಆ ಬಾವಿ ಯಾರದೆಂದು ನೆನಪಿದೆಯೇ? ಗರ್ಭಿಣಿ ಹಾಗರಳು ಮನೆಬಿಟ್ಟು ಓಡಿದಾಗ ದೇವದೂತನು ಅವಳನ್ನು ಕಂಡ ಬಾವಿ ಅದು. ತನ್ನ ನಿಮಿತ್ತ ಮನೆಯಿಂದ ಹೊರಬಿದ್ದವಳ ಬಾವಿಯ ಬಳಿ ಇಸಾಕನು ವಾಸಮಾಡಿದನು. ತಂದೆ ಸತ್ತಾಗ ಮಕ್ಪೇಲದ ಗವಿಯಲ್ಲಿ ಹೂಳಿದವರು ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ ಜೊತೆಯಾಗಿ. ಆ ಎರಡು ಸಂಗತಿಗಳ ನಡುವೆ ಅಣ್ಣತಮ್ಮಂದಿರು ಏನು ಮಾತಾಡಿದರೋ, ಆದಿಕಾಂಡ ಹೇಳುವುದಿಲ್ಲ.

ಯಕೋಬನು ಮುಂದೆ ಮಾವನಾದ ಲಾಬಾನನೆದುರು ಆಣೆಯಿಡುವಾಗ ದೇವರನ್ನು 'ಪಹದ್ ಯಿತ್ಸ್‌ಹಾಕ್' ಎಂದು ಕರೆಯುತ್ತಾನೆ. 'ಪಹದ್' ಎಂದರೆ ಭಯ; ಇಸಾಕನು ಯಾರಿಗೆ ಭಯಪಡುತ್ತಾನೋ ಆತ ಎಂಬುದು ರೂಢಿಯ ಅರ್ಥ. ಅಮೆರಿಕದ ಪಂಡಿತ ಆಲ್‌ಬ್ರೈಟ್ ಇದನ್ನು 'ಇಸಾಕನ ಬಂಧು' ಎಂದು ಅರ್ಥೈಸಬಹುದೆಂದನು, ಎಲ್ಲರೂ ಒಪ್ಪಲಿಲ್ಲ. ರೂಢಿಯ ಅರ್ಥವನ್ನೇ ಹಿಡಿದರೆ ಈ ದೇವನಾಮದಲ್ಲಿ ಭಯವೂ ನಗುವೂ ಪಕ್ಕಪಕ್ಕದಲ್ಲಿ ಕುಳಿತಿವೆ. ಮೊರೀಯದಿಂದ ಇಳಿದು ಬಂದವನ ಮಗನ ಬಾಯಲ್ಲಿ ಬಂದ ಮಾತು ಅದು.

ಅಂಥವನ ಬದುಕಿಗೆ ರೆಬೆಕ್ಕಳು ಬಂದಳು. ತಾಯಿಯ ಮರಣದ ದುಃಖದಲ್ಲಿದ್ದ ಅವನು ಅವಳನ್ನು ಪ್ರೀತಿಸಿ ಸಮಾಧಾನ ಹೊಂದಿದನೆಂದು 24ನೇ ಅಧ್ಯಾಯ ಮುಗಿಯುತ್ತದೆ. ಹೀಬ್ರೂ ಬೈಬಲಿನಲ್ಲಿ 'ಪ್ರೀತಿಸು' ಎಂಬ ಕ್ರಿಯಾಪದ ಮೊಟ್ಟಮೊದಲು ಬರುವುದು ಮೊರೀಯದ ಕಥೆಯಲ್ಲಿ, ಅಬ್ರಹಾಮನಿಗೆ ಇಸಾಕನ ಮೇಲಿದ್ದ ಪ್ರೀತಿಯನ್ನು ಹೇಳಲು. ಎರಡನೆಯದು ಇಸಾಕನು ರೆಬೆಕ್ಕಳನ್ನು ಪ್ರೀತಿಸಿದ ಈ ಪ್ರಸಂಗ. ಮೂರನೆಯದು ಅವನು ಏಸಾವನನ್ನು ಪ್ರೀತಿಸಿದ ಮಾತು. ಮೊದಲ ಮೂರೂ ಇಸಾಕನ ಸುತ್ತಲೇ. ಮದುವೆಯಾದಾಗ ಅವನಿಗೆ 40, ಅವಳಿಮಕ್ಕಳು ಹುಟ್ಟಿದಾಗ 60. ಆ ಇಪ್ಪತ್ತು ವರ್ಷ ಹೆಂಡತಿ ಬಂಜೆಯಾಗಿದ್ದರೂ ಅವನು ತಂದೆಯಂತೆ ದಾಸಿಯ ಕಡೆ ನೋಡಲಿಲ್ಲ, ಅವಳಿಗಾಗಿ ಪ್ರಾರ್ಥಿಸಿದನು. ಮೂವರು ಪಿತಾಮಹರಲ್ಲಿ ಕೊನೆಯವರೆಗೂ ಒಬ್ಬಳೇ ಹೆಂಡತಿಯೊಡನೆ ಬಾಳಿದವನೂ ಇವನೇ.

ಅವನು ಕೊನೆಗೂ ನಕ್ಕದ್ದು ಅವಳ ಜೊತೆಯಲ್ಲಿ. ಬರಗಾಲದಲ್ಲಿ ಗೆರಾರಿಗೆ ಹೋದಾಗ ಪ್ರಾಣಭಯದಿಂದ ಅವಳನ್ನು ತಂಗಿಯೆಂದು ಹೇಳಿಕೊಂಡಿದ್ದನು. ತಂದೆಯ ಹಳೆಯ ಸುಳ್ಳು ಅದು. ಇದನ್ನು ಸಮರ್ಥಿಸುವ ಇಷ್ಟ ನನಗಿಲ್ಲ. ಒಂದು ದಿನ ರಾಜ ಅಬೀಮೆಲೆಕನು ಕಿಟಕಿಯಿಂದ ನೋಡಿದಾಗ ಇಸಾಕನು ಹೆಂಡತಿಯೊಡನೆ 'ಮೆತ್ಸಹೇಕ್': ನಗುತ್ತ ಸರಸವಾಡುತ್ತಿದ್ದನು. ಸುಳ್ಳು ಬಯಲಾಯಿತು. ಹೀಬ್ರೂವಿನಲ್ಲಿ 'ಯಿತ್ಸ್‌ಹಾಕ್ ಮೆತ್ಸಹೇಕ್' ಎಂದು ಓದುವಾಗ ಹೆಸರೂ ಕ್ರಿಯೆಯೂ ಮೊದಲ ಬಾರಿಗೆ ಒಂದಾಗುತ್ತವೆ. ಅವನು ತನ್ನ ಹೆಸರಿನಂತೆ ನಡೆದುಕೊಂಡದ್ದೇ ಅವನ ಗುಟ್ಟನ್ನು ಹೊರಗೆಡವಿತು.

ಇನ್ನು ಬಾವಿಗಳ ವಿಷಯ. ಇಸಾಕನ ಸ್ವಭಾವವನ್ನು ತಿಳಿಯಬೇಕಾದರೆ 26ನೇ ಅಧ್ಯಾಯದ ಈ ಭಾಗವನ್ನು ಬಿಟ್ಟು ಬೇರೆ ದಾರಿಯಿಲ್ಲ. ಬೇರ್ಷೆಬ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಲ್ಲಿಯೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಅಲ್ಲಿನ ಪ್ರಾಚೀನ ದಿಬ್ಬವನ್ನು 1969ರಿಂದ ಯೋಹನಾನ್ ಅಹರೋನಿ ಅಗೆಸಿದಾಗ ಊರಬಾಗಿಲ ಹೊರಗೆ ಒಂದು ಆಳವಾದ ಬಾವಿ ದೊರೆಯಿತು. ಅದರ ಆಳ ಸುಮಾರು 69 ಮೀಟರ್. ಅದು ಅಬ್ರಹಾಮನ ಬಾವಿಯೇ ಎಂದು ಪ್ರವಾಸಿಗರಿಗೆ ಹೇಳುವುದುಂಟು. ಆದರೆ ದಿಬ್ಬದ ಮೇಲಿನ ಊರು ಪಿತಾಮಹರಿಗೆ ಸಾಮಾನ್ಯವಾಗಿ ಹೇಳುವ ಕಾಲಕ್ಕಿಂತ ತೀರ ಈಚಿನದು. ಗೆರಾರಿನ 'ಫಿಲಿಷ್ಟಿಯರು' ಸಹ ಆ ಕರಾವಳಿಗೆ ಬಂದದ್ದು ಕ್ರಿ.ಪೂ. ಹನ್ನೆರಡನೆಯ ಶತಮಾನದ ಸುಮಾರಿಗೆ. ಕಥೆಯನ್ನು ಬರೆದಿಟ್ಟವನು ತನ್ನ ಕಾಲದ ಹೆಸರನ್ನು ಬಳಸಿದ್ದಾನೆಂದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಇದರಿಂದ ನಮ್ಮ ವಿಶ್ವಾಸ ಅಲುಗಬೇಕಾಗಿಲ್ಲ. ಅಂಥ ನೆಲದಲ್ಲಿ ಒಂದು ಬಾವಿ ಎಂದರೇನೆಂಬುದನ್ನು ಕಥೆಗಾರನು ಚೆನ್ನಾಗಿ ಬಲ್ಲವನು.

ಇಸಾಕನು ಆ ವರ್ಷ ಬಿತ್ತಿ ನೂರ್ಮಡಿ ಬೆಳೆದನು. ಅಲೆಮಾರಿ ಕುರುಬರ ಮನೆತನದಲ್ಲಿ ಬಿತ್ತಿ ಬೆಳೆದನೆಂದು ಹೇಳಿಸಿಕೊಂಡ ಮೊದಲಿಗ ಅವನು. ನೆರೆಯವರಿಗೆ ಹೊಟ್ಟೆಕಿಚ್ಚಾಯಿತು. ಅಬ್ರಹಾಮನ ಕಾಲದ ಬಾವಿಗಳಿಗೆಲ್ಲ ಮಣ್ಣು ತುಂಬಿ ಮುಚ್ಚಿದರು. ಯೋಚಿಸಿ ನೋಡಿ: ಬರದ ಸೀಮೆಯಲ್ಲಿ ಬಾವಿಗೆ ಮಣ್ಣು ಹಾಕುವವನು ತನ್ನ ಬಾಯಿಗೂ ಮಣ್ಣು ಹಾಕಿಕೊಳ್ಳುತ್ತಾನೆ. ಆದರೂ ಹಾಕಿದರು. ಇಸಾಕನು ಅವುಗಳನ್ನು ಮತ್ತೆ ತೋಡಿಸಿದನು, ತಂದೆ ಇಟ್ಟಿದ್ದ ಹೆಸರುಗಳನ್ನೇ ಮತ್ತೆ ಇಟ್ಟನು. ಆ ನಾಡಿನಲ್ಲಿ ಬಾವಿಗೆ ಹೆಸರಿಡುವುದೆಂದರೆ ಹಕ್ಕು ಸಾರುವುದು. ತನ್ನ ಹೆಸರನ್ನು ಮೆರೆಸುವ ಅವಕಾಶವಿದ್ದರೂ ಅವನು ತಂದೆಯ ಮಾತನ್ನು ಮಣ್ಣಿನಡಿಯಿಂದ ಮೇಲೆತ್ತಿದನು.

ಬಳಿಕ ಕಣಿವೆಯಲ್ಲಿ ಹೊಸ ಬಾವಿ ತೋಡಿದಾಗ ಉಕ್ಕುವ ಒರತೆ ಸಿಕ್ಕಿತು. ಗೆರಾರಿನ ದನಗಾಹಿಗಳು ನೀರು ತಮ್ಮದೆಂದು ಜಗಳಕ್ಕೆ ನಿಂತರು. ಅದಕ್ಕೆ 'ಏಸೆಕ್', ಜಗಳ, ಎಂದು ಹೆಸರಿಟ್ಟು ಮುಂದೆ ಹೋದನು. ಇನ್ನೊಂದು ಬಾವಿ, ಇನ್ನೊಂದು ವ್ಯಾಜ್ಯ: 'ಸಿಟ್ನಾ', ಹಗೆತನ. ಸೈತಾನ ಎಂಬ ಹೆಸರಿನಲ್ಲಿರುವ ಧಾತುವೇ ಇದರಲ್ಲೂ ಇದೆ. ಅದನ್ನೂ ಬಿಟ್ಟುಕೊಟ್ಟನು. ಮೂರನೆಯ ಬಾವಿಗೆ ಯಾರೂ ತಕರಾರು ಮಾಡಲಿಲ್ಲ. ಅದು 'ರೆಹೋಬೋತ್', ವಿಶಾಲ ಸ್ಥಳ. ಇದು ಹೇಡಿತನವೇ? ಹಾಗೆ ಓದುವವರಿದ್ದಾರೆ. ಆದರೆ ಇಸಾಕನು ದುರ್ಬಲನಾಗಿದ್ದ ಕಾರಣ ಬಿಟ್ಟುಕೊಡಲಿಲ್ಲ. ಅವನು ತಮಗಿಂತ ಬಲಿಷ್ಠನಾಗಿದ್ದಾನೆಂದು ಸ್ವತಃ ಅಬೀಮೆಲೆಕನೇ ಒಪ್ಪಿಕೊಂಡು ಊರುಬಿಡಲು ಹೇಳಿದ್ದನು. ಬಲವಿದ್ದೂ ಎರಡು ಸಲ ನೀರು ಬಿಟ್ಟುಕೊಟ್ಟವನು, ಮೂರನೆಯ ಸಲವೂ ಗುದ್ದಲಿ ಹಿಡಿದನು. ಕೊನೆಗೆ ಅದೇ ರಾಜನು ಬೇರ್ಷೆಬದವರೆಗೆ ಹುಡುಕಿಕೊಂಡು ಬಂದು ಒಪ್ಪಂದ ಬೇಡಿದಾಗ, ತನ್ನನ್ನು ಹಗೆಮಾಡಿ ಹೊರಗಟ್ಟಿದವರು ಈಗೇಕೆ ಬಂದಿರೆಂದು ಒಂದು ಮಾತು ಕೇಳಿ, ಅವರಿಗೆ ಔತಣ ಮಾಡಿಸಿದನು. ಆ ದಿನವೇ ಆಳುಗಳು ಬಂದು ನೀರು ಸಿಕ್ಕಿತೆಂದರು.

ಮೂರನೆಯ ಶತಮಾನದಲ್ಲಿ ಒರಿಜನ್ ಈ ಬಾವಿಗಳ ಮೇಲೆ ಒಂದು ಇಡೀ ಪ್ರಸಂಗ ಮಾಡಿದ್ದಾನೆ. ಅವನಿಗೆ ಬಾವಿ ಎಂದರೆ ಪವಿತ್ರಗ್ರಂಥ, ಮಣ್ಣು ಎಂದರೆ ಒಣ ಅಕ್ಷರಾರ್ಥ. ಅಷ್ಟು ದೂರ ಹೋಗದೆ, ಬಾವಿಯನ್ನು ಬಾವಿಯಾಗಿಯೇ ಕಂಡರೂ ನನಗೆ ಸಾಕಷ್ಟು ಸಿಗುತ್ತದೆ.

ಮುಪ್ಪಿನ ಇಸಾಕನ ಕಥೆ ನೋವಿನದು. ಬೇಟೆಯ ಮಾಂಸದ ರುಚಿಗಾಗಿ ಹಿರಿಯ ಮಗನಿಗೆ ಒಲಿದ ಅವನ ಪಕ್ಷಪಾತದಲ್ಲಿಯೇ ಆ ನೋವಿನ ಬೇರು ಇದೆ. ಕುರುಡಾದ ಕೈಗಳು ಆಡಿನ ಚರ್ಮವನ್ನು ಮುಟ್ಟಿ ಏಸಾವನೆಂದು ನಂಬಿದವು. ಕಿವಿ ಮಾತ್ರ ನಂಬಲಿಲ್ಲ. ಸತ್ಯ ತಿಳಿದಾಗ ಅವನು ಗಡಗಡನೆ ನಡುಗಿದನು. ಇಲ್ಲಿ ಹೀಬ್ರೂ ವಾಕ್ಯವೇ ನಡುಗುವಂತಿದೆ. ಕತ್ತಿಯ ಕೆಳಗೆ ಮಲಗಿದಾಗಲೂ ಹೇಳದ ನಡುಕವನ್ನು ಆದಿಕಾಂಡ ಈಗ ಹೇಳುತ್ತದೆ. ಆದರೆ ಮುಂದಿನ ಅಧ್ಯಾಯದ ಆರಂಭವನ್ನು ನಾವು ಸಾಮಾನ್ಯವಾಗಿ ಓದದೆ ದಾಟುತ್ತೇವೆ. ಇಸಾಕನು ಯಕೋಬನನ್ನು ಕರೆಸಿ, ಈ ಸಲ ಯಾರೆಂದು ಚೆನ್ನಾಗಿ ತಿಳಿದೇ, ಅಬ್ರಹಾಮನ ಆಶೀರ್ವಾದವನ್ನು ಅವನಿಗೆ ಕೊಟ್ಟು ಕಳುಹಿಸಿದನು. ಮೋಸದಿಂದ ಕಿತ್ತುಕೊಂಡದ್ದನ್ನು ಮನಸಾರೆ ಕೊಟ್ಟದ್ದಾಗಿ ಮಾಡಿದವನು ಅವನೇ. ಏಸೆಕ್, ಸಿಟ್ನಾ ಬಾವಿಗಳನ್ನು ಬಿಟ್ಟು ಮುಂದಕ್ಕೆ ನಡೆದ ಮನುಷ್ಯನ ಗುರುತು ಇಲ್ಲಿ ಸಿಗುವುದಿಲ್ಲವೇ?

ಸಾವು ಹತ್ತಿರವೆಂದುಕೊಂಡೇ ಆಶೀರ್ವದಿಸಿದ್ದ ಅವನು ಮತ್ತೆ ಹಲವು ವರ್ಷ ಬದುಕಿದನು. ಯಕೋಬನು ಹೆಂಡಿರು ಮಕ್ಕಳೊಡನೆ ಹಿಂದಿರುಗಿ ಬಂದಾಗ ತಂದೆ ಇನ್ನೂ ಇದ್ದನು. ತೀರಿಕೊಂಡದ್ದು 180ನೇ ವಯಸ್ಸಿನಲ್ಲಿ. ಅವನನ್ನು ಹೂಳಿದವರು ಏಸಾವ ಮತ್ತು ಯಕೋಬ, ಇಬ್ಬರೂ ಜೊತೆಯಾಗಿ. ಆ ಸಾವಿನ ಸ್ಥಳವನ್ನೂ ಆದಿಕಾಂಡ ಬರೆದಿಟ್ಟಿದೆ: ಹೆಬ್ರೋನಿನ ಬಳಿಯ ಮಮ್ರೆ. ಬಹಳ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವನ ತಾಯಿ ಗುಡಾರದ ಬಾಗಿಲ ಮರೆಯಲ್ಲಿ ನಿಂತು ನಕ್ಕದ್ದು ಅಲ್ಲಿಯೇ.